ಮಗಳು ಬೇಸ್‌ಬಾಲ್ ಪಿಚರ್: ಹೊರಗೆ ಕೂತು ನೋಡುವ ನಾವು ಏನು ಗಮನಿಸಬೇಕು?

ಸೀಗೆಗುಡ್ಡ (ಹಾಸನ)

ಎಲ್ಲರಿಗೂ ನಮಸ್ಕಾರ. ಮಗಳಿಗೆ 13 ವರ್ಷ, ಎಂಟನೇ ಕ್ಲಾಸು. ಶಾಲೆಯ 14 ವರ್ಷದೊಳಗಿನವರ ಬೇಸ್‌ಬಾಲ್ ಟೀಮಿನಲ್ಲಿ ಇದ್ದಾಳೆ. ಕ್ರಿಕೆಟ್‌ನಲ್ಲಿ ಬೌಂಡರಿಯಿಂದ ನೇರ ಕೀಪರ್ ಕೈಗೆ ಎಸೆಯುತ್ತಾಳೆ ಅಂತ ಪಿ.ಟಿ. ಮೇಷ್ಟ್ರು ಅವಳನ್ನೇ ಪಿಚರ್ (ಬ್ಯಾಟರ್ ಕಡೆ ಚೆಂಡು ಎಸೆಯುವವಳು) ಮಾಡಿದ್ದಾರೆ. ಬರುವ ಶನಿವಾರ, ಭಾನುವಾರ ಚಿಕ್ಕಮಗಳೂರಿನಲ್ಲಿ ನಾಲ್ಕು ಶಾಲೆಗಳ ಪಂದ್ಯ, ದಿನಕ್ಕೆ ಎರಡೆರಡು ಆಟ. ನಾವಿಬ್ಬರೂ ನೋಡಲು ಹೋಗುತ್ತಿದ್ದೇವೆ.

ಮೂರು ವಿಷಯ ಕೇಳಬೇಕಿತ್ತು. ಒಂದು, ಟೀಮಿನಲ್ಲಿ ಬೇರೆ ಪಿಚರ್ ಇಲ್ಲ, ನಾಲ್ಕು ಆಟಕ್ಕೂ ಇವಳೇ ಎಸೆಯಬೇಕು ಅನ್ನೋ ಮಾತಿದೆ. ಎಷ್ಟು ಎಸೆದರೆ ಜಾಸ್ತಿ? ಎರಡು, ಪ್ರಾಕ್ಟೀಸ್ ಮುಗಿಸಿ ಬಂದ ದಿನ ಮೊಣಕೈ ಒಳಬದಿ ಎಳೆದ ಹಾಗೆ ಆಗುತ್ತೆ ಅಂತಾಳೆ, ಬೆಳಗ್ಗೆ ಹೊತ್ತಿಗೆ ಇರಲ್ಲ. ಮೂರು, ಗ್ಲೌಸ್. ಅಂಗಡಿಯಲ್ಲಿ ಸಾಫ್ಟ್‌ಬಾಲ್ ಗ್ಲೌಸ್ ಕೊಟ್ಟು ಎರಡಕ್ಕೂ ನಡೆಯುತ್ತೆ ಅಂದರು. ಹಲಗೆ ಥರ ಗಟ್ಟಿ ಇದೆ, ಮಡಚಕ್ಕೇ ಬರಲ್ಲ.

ಕ್ರಿಕೆಟ್ ಬಿಟ್ಟರೆ ನಮಗೆ ಬೇರೆ ಗೊತ್ತಿಲ್ಲ, ಬಿಡಿಸಿ ಹೇಳಿ.

---

ಯಗಚಿ ದಂಡೆ (ಕೋಚಿಂಗ್)

ಸರ್, ಮೊದಲನೇ ಪ್ರಶ್ನೆಗೆ ಉತ್ತರ: ನಾಲ್ಕು ಆಟಕ್ಕೂ ಒಬ್ಬಳೇ ಎಸೆಯುವ ಹಾಗಿಲ್ಲ. ಇದರಲ್ಲಿ ಕೊಸರಾಟಕ್ಕೆ ಜಾಗವೇ ಇಲ್ಲ.

ಅಮೆರಿಕದಲ್ಲಿ ಮಕ್ಕಳ ಬೇಸ್‌ಬಾಲ್‌ಗೆ ಎಸೆತದ ಲೆಕ್ಕ ಕಟ್ಟುನಿಟ್ಟು. ಲಿಟಲ್ ಲೀಗ್ ಅನ್ನುವ ಅಲ್ಲಿನ ಮಕ್ಕಳ ಬೇಸ್‌ಬಾಲ್ ಸಂಸ್ಥೆಯ ನಿಯಮದಲ್ಲಿ 9–10 ವರ್ಷಕ್ಕೆ ದಿನಕ್ಕೆ ಹೆಚ್ಚೆಂದರೆ 75 ಎಸೆತ, 11–12ಕ್ಕೆ 85, 13ರಿಂದ 16ಕ್ಕೆ 95. ಇದು ಮಿತಿ, ಮುಟ್ಟಲೇಬೇಕಾದ ಗುರಿ ಅಲ್ಲ. ಹೊಸದಾಗಿ ಆಟ ಶುರುಮಾಡಿದ ಮಗುವಿಗೆ ನಾನಾದರೆ 50ರ ಮೇಲೆ ಬಿಡಲ್ಲ.

ನಮ್ಮಲ್ಲಿ ದಿನದ ಮಿತಿಯನ್ನಾದರೂ ಕೆಲವರು ಕೇಳಿರುತ್ತಾರೆ, ವಿಶ್ರಾಂತಿಯ ಲೆಕ್ಕ ಯಾರಿಗೂ ಗೊತ್ತಿರಲ್ಲ. 14 ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನವರಿಗೆ ಹೀಗಿದೆ. ಒಂದು ದಿನ 20 ಎಸೆತದೊಳಗೆ ನಿಲ್ಲಿಸಿದರೆ ಮಾರನೇ ದಿನವೂ ಪಿಚ್ ಮಾಡಬಹುದು. 21ರಿಂದ 35 ಆದರೆ ನಡುವೆ ಒಂದು ಪೂರ್ತಿ ದಿನ ಬಿಡುವು. 36ರಿಂದ 50 ಆದರೆ ಎರಡು ದಿನ, 51ರಿಂದ 65 ಆದರೆ ಮೂರು ದಿನ, 66 ಮುಟ್ಟಿತೋ ನಾಲ್ಕು ದಿನ.

ಇದನ್ನು ನಿಮ್ಮ ಶನಿವಾರ-ಭಾನುವಾರಕ್ಕೆ ಹಾಕಿ ನೋಡಿ. ಶನಿವಾರ 21ನೇ ಎಸೆತ ಬಿದ್ದ ಕ್ಷಣಕ್ಕೆ ಭಾನುವಾರದ ಎರಡೂ ಆಟಕ್ಕೆ ಆ ಪಿಚರ್ ಇಲ್ಲ. ಈ ವಯಸ್ಸಲ್ಲಿ, ಎದುರು ಟೀಮಿನ ಮೂವರು ಔಟ್ ಆಗುವವರೆಗಿನ ಒಂದು ಇನ್ನಿಂಗ್ಸ್‌ಗೆ ಸಾಮಾನ್ಯವಾಗಿ 15–20 ಎಸೆತ ಬೇಕು, ಹತೋಟಿ ತಪ್ಪಿದ ದಿನ 30 ಆದರೂ ಆಶ್ಚರ್ಯ ಇಲ್ಲ. ಅಂದರೆ ನಾಲ್ಕು ಆಟಕ್ಕೆ ಕಡಿಮೆ ಅಂದರೂ ನಾಲ್ಕೈದು ಮಕ್ಕಳು ಎಸೆಯಬೇಕು. ಒಂದೇ ದಿನ ಎರಡು ಆಟದಲ್ಲಿ ಒಬ್ಬರೇ ಪಿಚ್ ಮಾಡುವುದೂ ಬೇಡ. ಬೆಳಗ್ಗೆ 25, ಮಧ್ಯಾಹ್ನ 25 ಅಂದರೆ 50 ತಾನೇ ಅನ್ನಿಸುತ್ತೆ, ಆದರೆ ನಡುವೆ ತೋಳು ಆರಿ ಬಿಗಿದಿರುತ್ತೆ, ಮತ್ತೆ ಬಿಸಿ ಮಾಡಲು ಇನ್ನಷ್ಟು ಎಸೆಯಬೇಕು. ಆ ಎಸೆತ ಯಾವ ಪುಸ್ತಕದಲ್ಲೂ ಬರೆದಿರಲ್ಲ.

ಪಿಚಿಂಗ್ ಮುಗಿಸಿದವರನ್ನು ಕ್ಯಾಚರ್ (ನಮ್ಮ ಕೀಪರ್ ಥರ ಬ್ಯಾಟರ್ ಹಿಂದೆ ಕೂರುವವರು) ಜಾಗಕ್ಕೆ ಕೂರಿಸುವುದು ಇನ್ನೊಂದು ತಪ್ಪು. ಪ್ರತಿ ಚೆಂಡನ್ನೂ ಕ್ಯಾಚರ್ ವಾಪಸ್ ಎಸೆಯುತ್ತಾನೆ. ಪಿಚರ್ ಬಿಟ್ಟರೆ ಮೈದಾನದಲ್ಲಿ ಅತಿ ಹೆಚ್ಚು ಎಸೆಯುವುದು ಅವನೇ. 41 ಎಸೆತ ಆದ ಪಿಚರ್ ಆ ದಿನ ಕ್ಯಾಚರ್ ಆಗುವಂತಿಲ್ಲ ಅಂತ ಲಿಟಲ್ ಲೀಗ್ ನಿಯಮವೇ ಇದೆ. ಥರ್ಡ್ ಬೇಸ್ (ಓಡುವವರು ಮುಟ್ಟಬೇಕಾದ ಮೂರನೇ ಗುರುತು), ಶಾರ್ಟ್‌ಸ್ಟಾಪ್ (ಸೆಕೆಂಡ್‌ಗೂ ಥರ್ಡ್‌ಗೂ ನಡುವಿನ ಜಾಗ) ಕೂಡ ಬೇಡ, ಅಲ್ಲಿಂದ ಫಸ್ಟ್ ಬೇಸ್‌ಗೆ ಉದ್ದ ಎಸೆತ. ಫಸ್ಟ್ ಬೇಸ್‌ನಲ್ಲಿ ನಿಲ್ಲಿಸಿ, ಅಲ್ಲಿ ಹಿಡಿಯುವ ಕೆಲಸವೇ ಹೆಚ್ಚು.

ಮೇಷ್ಟ್ರ ಹತ್ತಿರ ಇವತ್ತೇ ಹೋಗಿ ಮಾತಾಡಿ. ಆಟದ ಮಧ್ಯೆ ಬೇಲಿಯಿಂದ ಕೂಗಿ ಹೇಳಿದರೆ ಅವರಿಗೂ ಮುಜುಗರ, ಮಗಳಿಗೂ ಮುಜುಗರ. ಹೋಗುವಾಗ ಬರೀ ದೂರು ತಗೊಂಡು ಹೋಗಬೇಡಿ, ಉಪಾಯವನ್ನೂ ತಗೊಂಡು ಹೋಗಿ. ಐದು ದಿನದಲ್ಲಿ ಬೇರೆ ಪಿಚರ್‌ಗಳನ್ನು ತಯಾರು ಮಾಡುವುದು ಕಷ್ಟವೇನಲ್ಲ. ಜೋರಾಗಿ ಎಸೆಯುವವರನ್ನು ಹುಡುಕಬೇಡಿ, ಎದುರಿನವರ ಎದೆಗೆ ಸರಿಯಾಗಿ ಎಸೆಯುವವರನ್ನು ಹುಡುಕಿ. ಶಾಲೆಯ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಒಂದು ಚೌಕ ಬರೆಯಿರಿ: ಅಗಲ 43 ಸೆಂ.ಮೀ., ಅದು ಬ್ಯಾಟರ್ ಪಕ್ಕ ನೆಲದಲ್ಲಿರುವ ಹೋಂ ಪ್ಲೇಟ್‌ನ ಅಗಲ. ಕೆಳಗೆರೆ ಮಗುವಿನ ಮಂಡಿಚಿಪ್ಪಿನ ಕೆಳಗಿನ ಗುಳಿಯ ಎತ್ತರಕ್ಕೆ, ಮೇಲುಗೆರೆ ಭುಜಕ್ಕೂ ಸೊಂಟಕ್ಕೂ ನಡುಮಧ್ಯಕ್ಕೆ. ಅದೇ ಸ್ಟ್ರೈಕ್ ವಲಯ, ಎಸೆತ ಹಾದುಹೋಗಬೇಕಾದ ಜಾಗ. ದಿನ ಬಿಟ್ಟು ದಿನ 25 ಎಸೆತ, ಅರ್ಧ ಬಲದಲ್ಲಿ ಸಾಕು. ಹತ್ತಕ್ಕೆ ಐದು ಚೌಕದೊಳಗೆ ಬಿದ್ದರೆ ಒಂದು ಇನ್ನಿಂಗ್ಸ್ ನಂಬಿ ಕೊಡಬಹುದು.

ಹಿಡಿತ ಒಂದೇ ಕಲಿಸಿ. ಕುದುರೆ ಲಾಳದ ಆಕಾರದಲ್ಲಿ ಹೊಲಿಗೆ ಇರುತ್ತಲ್ಲ, ಅದಕ್ಕೆ ಅಡ್ಡಲಾಗಿ ತೋರುಬೆರಳು, ನಡುಬೆರಳು. ಎರಡರ ಮಧ್ಯೆ ಒಂದು ಬೆರಳು ಹಿಡಿಯುವಷ್ಟು ಸಂದು. ಹೆಬ್ಬೆರಳು ನೇರ ಕೆಳಗೆ. ಚೆಂಡಿಗೂ ಅಂಗೈಗೂ ನಡುವೆ ಬೆಳಕು ಕಾಣಬೇಕು. ಅಂಗೈಗೆ ತಾಗಿಸಿ ಒತ್ತಿ ಹಿಡಿದರೆ ಮಣಿಕಟ್ಟು ಬಿಗಿಯುತ್ತೆ, ಚೆಂಡು ಮೇಲಕ್ಕೆ ಹಾರುತ್ತೆ. ಕರ್ವ್ ಬಾಲ್ (ತಿರುಗಿ ಬಾಗುವ ಎಸೆತ) ಸದ್ಯಕ್ಕೆ ಮಾತೇ ಬೇಡ.

ನಿಮ್ಮ ಕೆಲಸ ಏನು ಅಂದರೆ, ಎಣಿಸುವುದು. ಒಂದು ನೂರು ಪುಟದ ನೋಟ್‌ಬುಕ್, ಒಂದು ಪೆನ್ಸಿಲ್. ಬ್ಯಾಟರ್‌ಗೆ ಎಸೆದ ಪ್ರತಿಯೊಂದಕ್ಕೂ ಒಂದು ಗೀಟು. ಬಾಲ್ (ವಲಯದ ಹೊರಗೆ ಹೋದ, ಬ್ಯಾಟರ್ ಬೀಸದ ಎಸೆತ) ಆಗಲಿ, ಸ್ಟ್ರೈಕ್ (ವಲಯದೊಳಗೆ ಬಂದ ಅಥವಾ ಬೀಸಿ ತಪ್ಪಿದ ಎಸೆತ) ಆಗಲಿ, ಫೌಲ್ (ಗೆರೆ ಹೊರಗೆ ಹೋದ ಹೊಡೆತ) ಆಗಲಿ, ಹೊಡೆಸಿಕೊಳ್ಳಲಿ, ಎಲ್ಲವೂ ಎಣಿಕೆಗೆ ಬರುತ್ತೆ. ಇನ್ನಿಂಗ್ಸ್ ಮಧ್ಯದ ವಾರ್ಮ್ ಅಪ್ ಮತ್ತು ಬೇಸ್ ಕಡೆ ಎಸೆದದ್ದು ಈ ಎಣಿಕೆಗೆ ಬರಲ್ಲ. ಐದಕ್ಕೊಂದು ಅಡ್ಡಗೆರೆ ಹಾಕಿ, ಇನ್ನಿಂಗ್ಸ್ ಮುಗಿದಾಗ ಒಟ್ಟು ಬರೆದು ಮೇಷ್ಟ್ರಿಗೆ ತೋರಿಸಿ. ಎದುರು ಟೀಮಿನ ಪಿಚರ್‌ದೂ ಎಣಿಸಿ. ಅದೂ ಯಾರದೋ ಮಗುವಿನ ತೋಳೇ.

ಎಣಿಕೆ ಮುಗಿಯುವ ಮುಂಚೆಯೇ ದಣಿವು ಕಾಣಿಸಬಹುದು. ಎಸೆಯುವಾಗ ಮೊಣಕೈ ಭುಜದ ಮಟ್ಟಕ್ಕಿಂತ ಇಳಿಯುವುದು, ಮುಂಚೆ ಮಂಡಿ ಹತ್ತಿರ ಬೀಳುತ್ತಿದ್ದ ಚೆಂಡು ಸಾಲಾಗಿ ಎತ್ತರಕ್ಕೆ ಹೋಗುವುದು, ಎರಡು ಎಸೆತದ ನಡುವೆ ಕೈ ಕೊಡವುವುದು, ಭುಜ ತಿರುಗಿಸುವುದು, ಮಾಮೂಲಿಗಿಂತ ಹೆಚ್ಚು ಹೊತ್ತು ತಗೊಳ್ಳುವುದು. ಇವುಗಳಲ್ಲಿ ಎರಡು ಒಟ್ಟಿಗೆ ಕಂಡರೆ ಪುಸ್ತಕದಲ್ಲಿ 28 ಇದ್ದರೂ ಸರಿಯೇ, ಮೇಷ್ಟ್ರಿಗೆ ಹೇಳಿ.

ಇನ್ನೊಂದು, ಟೇಪ್ ಇಟ್ಟು ಅಳೆಯಲು ಕೇಳಿ. ದೊಡ್ಡವರ ಮೈದಾನದಲ್ಲಿ ಪಿಚರ್ ಹಲಗೆಯಿಂದ ಹೋಂ ಪ್ಲೇಟ್‌ನ ಹಿಂದಿನ ಮೊನೆಗೆ 18.44 ಮೀಟರ್, ಬೇಸ್‌ನಿಂದ ಬೇಸ್‌ಗೆ 27.43. ಹೊಸ ಮಕ್ಕಳಿಗೆ ಅದು ದೂರ. 15.24 ಮತ್ತು 21.34 ಮೀಟರ್ ಇಡುವ ಪದ್ಧತಿಯೂ ಇದೆ. ನಾಲ್ಕೂ ಶಾಲೆ ಒಪ್ಪಿದರೆ ಸಾಕು. ಹೆಜ್ಜೆ ಲೆಕ್ಕದಲ್ಲಿ ಗುರುತು ಹಾಕುವ ಕಡೆ ಒಂದು ಮೀಟರ್ ಹೆಚ್ಚುಕಮ್ಮಿ ಆಗೇ ಆಗುತ್ತೆ, ಆ ಒಂದು ಮೀಟರಿಗೆ ಮಕ್ಕಳು ಮೈಯೆಲ್ಲಾ ಬಳಸಿ ಎಸೆಯಬೇಕಾಗುತ್ತೆ.

---

ಕಾಫಿಹೂ (ಫಿಸಿಯೋಥೆರಪಿ)

ಮೇಲಿನವರು ಹೇಳಿದ್ದೆಲ್ಲಾ ಸರಿ. ಆದರೆ ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಸಿಗುವ ತನಕ ಮಗಳು ಒಂದು ಚೆಂಡನ್ನೂ ಎಸೆಯುವುದು ಬೇಡ. "ಬೆಳಗ್ಗೆ ಹೊತ್ತಿಗೆ ಇರಲ್ಲ" ಅನ್ನುವುದು ಸಮಾಧಾನದ ಮಾತಲ್ಲ, ಶುರುವಾಗುವುದೇ ಹಾಗೆ.

ಯಾಕೆ ಅಂತ ಹೇಳುತ್ತೇನೆ. ಎಸೆಯುವಾಗ ತೋಳು ಹಿಂದಕ್ಕೆ ಬಾಗಿ ಮುಂದಕ್ಕೆ ಚಿಮ್ಮುತ್ತಲ್ಲ, ಆ ಕ್ಷಣದಲ್ಲಿ ಮೊಣಕೈಯ ಒಳಬದಿ ಬಾಯಿ ಬಿಡುವ ಹಾಗೆ ಎಳೆತಕ್ಕೆ ಸಿಗುತ್ತೆ. ಒಳಬದಿಯಲ್ಲಿ ಕೈಗೆ ಸಿಗುವ ಗಂಟಿನಂಥ ಮೂಳೆಗೆ ಮುಂದೋಳಿನ ಸ್ನಾಯುಗಳೂ ಲಿಗಮೆಂಟೂ ಅಂಟಿಕೊಂಡಿವೆ. ದೊಡ್ಡವರಲ್ಲಿ ಆ ಗಂಟು ತೋಳಿನ ಮೂಳೆಗೆ ಪೂರ್ತಿ ಕೂಡಿರುತ್ತೆ. ಬೆಳೆಯುವ ಮಕ್ಕಳಲ್ಲಿ ನಡುವೆ ಮೃದ್ವಸ್ಥಿಯ ಪದರ ಇರುತ್ತೆ, ಗ್ರೋತ್ ಪ್ಲೇಟ್ ಅನ್ನುತ್ತೇವೆ. ಇಡೀ ಸರಪಳಿಯಲ್ಲಿ ಬಲ ಕಮ್ಮಿ ಇರುವ ಕೊಂಡಿ ಅದೇ. ಹಗ್ಗ ಕಿತ್ತುಹೋಗುವ ಮುಂಚೆ ಗೂಟ ಅಲುಗಾಡುತ್ತೆ. ಇದಕ್ಕೆ ಲಿಟಲ್ ಲೀಗ್ ಎಲ್ಬೋ ಅಂತಲೇ ಹೆಸರು. ಹುಡುಗಿಯರಲ್ಲಿ ಈ ಪದರ ಹುಡುಗರಿಗಿಂತ ಒಂದೆರಡು ವರ್ಷ ಮೊದಲು ಕೂಡುತ್ತೆ, ಆದರೆ 13ಕ್ಕೆ ಕೂಡಿರುತ್ತೆ ಅಂತ ಹೇಳಲು ಬರಲ್ಲ.

ಮನೆಯಲ್ಲೇ ಮೂರು ನೋಡಿ. ಎರಡೂ ತೋಳನ್ನು ಮುಂದಕ್ಕೆ ಚಾಚಿಸಿ, ಅಂಗೈ ಮೇಲೆ. ಎಸೆಯುವ ಕೈ ಇನ್ನೊಂದರಷ್ಟು ಪೂರ್ತಿ ನೀಡದೆ ಉಳಿಯುತ್ತದೆಯೇ? ಆ ಒಳಗಂಟನ್ನು ನಿಮ್ಮ ಹೆಬ್ಬೆರಳಲ್ಲಿ ನಿಧಾನವಾಗಿ ಒತ್ತಿ. ಎರಡೂ ಕೈಯಲ್ಲಿ ಒತ್ತಿ ಹೋಲಿಸಿ, ಒಂದು ಕಡೆ ಮಾತ್ರ ಮುಖ ಹಿಂಡಿದಳೇ? ಆಮೇಲೆ ಮೊಣಕೈ ಹತ್ತಿರ ಊತ ಇದೆಯೇ, ಕಿರುಬೆರಳು-ಉಂಗುರ ಬೆರಳು ಜುಮ್ಮೆನ್ನುತ್ತವೆಯೇ ಕೇಳಿ. ಯಾವುದಾದರೂ ಒಂದಕ್ಕೆ ಹೌದು ಅಂದರೆ ಮೂಳೆ ಡಾಕ್ಟರಿಗೆ ತೋರಿಸಿ. ಹಾಸನದಲ್ಲಿ ಹಿಮ್ಸ್ ಸರ್ಕಾರಿ ಆಸ್ಪತ್ರೆಯ ಮೂಳೆ ವಿಭಾಗಕ್ಕೆ ಹೋಗಬಹುದು. ಎರಡೂ ಮೊಣಕೈಯ ಎಕ್ಸ್‌ರೇ ತೆಗೆದು ಹೋಲಿಸಿದರೆ ಅಗಲವಾದ ಸಂದು ಕಾಣುವುದುಂಟು. ಎಕ್ಸ್‌ರೇ ಸರಿಯಾಗಿದ್ದೂ ತೊಂದರೆ ಇರಬಹುದು, ಹಾಗಾಗಿ ಎಲ್ಲಿ ನೋವು, ಯಾವಾಗ ನೋವು, ಎಷ್ಟು ಎಸೆದ ಮೇಲೆ ನೋವು ಅಂತ ಬರೆದುಕೊಂಡು ಹೋಗಿ.

ಸ್ಪ್ರೇ ಹೊಡೆದು, ನೋವಿನ ಮಾತ್ರೆ ಕೊಟ್ಟು ಆಡಿಸಬೇಡಿ. ನೋವು ಮುಚ್ಚಿಹೋದರೆ ಎಲ್ಲಿ ನಿಲ್ಲಬೇಕು ಅಂತ ಮಗುವಿಗೆ ತಿಳಿಯುವ ಒಂದೇ ದಾರಿಯೂ ಮುಚ್ಚಿಹೋಗುತ್ತೆ. ಎಣ್ಣೆ ಹಾಕಿ ಬಲವಾಗಿ ತಿಕ್ಕಿಸುವುದು, ನೆಟಿಗೆ ತೆಗೆಸುವುದು ಈ ಜಾಗಕ್ಕೆ ಸಲ್ಲದು. ಬಟ್ಟೆಯಲ್ಲಿ ಸುತ್ತಿದ ಐಸ್ 15 ನಿಮಿಷ ಇಡಬಹುದು, ಅಷ್ಟೇ. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಎಸೆತ ನಿಲ್ಲಿಸಿದರೆ ವಾಸಿಯಾಗುತ್ತೆ. ಆಮೇಲೆ 10 ಮೀಟರಿನಿಂದ ಹಗುರವಾಗಿ ಶುರುಮಾಡಿ ವಾರ ವಾರ ದೂರ ಹೆಚ್ಚಿಸಬೇಕು. ನಿರ್ಲಕ್ಷ್ಯ ಮಾಡಿದರೆ ಆ ಗಂಟು ಕಿತ್ತು ಬರಬಹುದು, ಆಗ ಪ್ಲಾಸ್ಟರ್, ಕೆಲವೊಮ್ಮೆ ಆಪರೇಷನ್.

ಹೆದರಿಸಲು ಹೇಳುತ್ತಿಲ್ಲ, ಅಳೆದು ನೋಡಿದ ಲೆಕ್ಕ ಇದೆ. ಅಮೆರಿಕದಲ್ಲಿ 9ರಿಂದ 14 ವರ್ಷದ 481 ಪಿಚರ್‌ಗಳನ್ನು ಹತ್ತು ವರ್ಷ ಗಮನಿಸಿ 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವರ್ಷಕ್ಕೆ 100 ಇನ್ನಿಂಗ್ಸ್‌ಗಿಂತ ಹೆಚ್ಚು ಎಸೆದವರಿಗೆ ದೊಡ್ಡ ಗಾಯ ಆಗುವ ಸಾಧ್ಯತೆ ಮೂರೂವರೆ ಪಟ್ಟು ಇತ್ತು. 2006ರ ಇನ್ನೊಂದು ಅಧ್ಯಯನದಲ್ಲಿ ತೋಳು ದಣಿದಿದ್ದರೂ ಮೇಲಿಂದ ಮೇಲೆ ಎಸೆಯುವುದು ಆಪರೇಷನ್‌ವರೆಗೆ ಹೋದವರಲ್ಲಿ ಎದ್ದು ಕಂಡಿತು, ಅಪಾಯ 36 ಪಟ್ಟು. ಕರ್ವ್ ಬಾಲ್ ಒಂದೇ ಕಾರಣ ಅಂತ ಬಹಳ ಜನ ತಿಳಿದಿದ್ದಾರೆ. ಅದಕ್ಕೆ ಅಷ್ಟು ಬಲವಾದ ಸಾಕ್ಷಿ ಸಿಕ್ಕಿಲ್ಲ. ದಣಿದ ತೋಳಲ್ಲಿ ಎಸೆಯುವುದೇ ಮುಖ್ಯ ಶತ್ರು.

ನಮ್ಮ ಕಡೆ ಇನ್ನೊಂದು ತೊಂದರೆ ಇದೆ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಹೋಬಳಿ, ತಾಲ್ಲೂಕು, ಜಿಲ್ಲಾ ಕ್ರೀಡಾಕೂಟ ಎಲ್ಲಾ ಒಟ್ಟಿಗೆ ಬರುತ್ತವೆ. ಚೆನ್ನಾಗಿ ಎಸೆಯುವ ಹುಡುಗಿ ಥ್ರೋಬಾಲ್ ಟೀಮಿನಲ್ಲೂ ಇರುತ್ತಾಳೆ, ಗುಂಡು ಎಸೆತಕ್ಕೂ ಹೆಸರು ಕೊಟ್ಟಿರುತ್ತಾರೆ, ಸಂಜೆ ಮನೆ ಮುಂದೆ ಕ್ರಿಕೆಟ್ ಬೇರೆ. ಬೇಸ್‌ಬಾಲ್ ಪುಸ್ತಕದಲ್ಲಿ ವಾರಕ್ಕೆ 60 ಅಂತ ಇದ್ದರೂ ತೋಳು 300 ಎಸೆದಿರುತ್ತೆ. ಒಂದು ವಾರದ್ದು ಎಲ್ಲಾ ಆಟ ಸೇರಿಸಿ ಬರೆದು ನೋಡಿ.

---

ಹೇಮಾವತಿ ಬಯಲು

ಗ್ಲೌಸ್ ವಿಷಯ ನಾನು ಹೇಳ್ತೀನಿ.

ಬಲಗೈಲಿ ಎಸೆಯೋರಿಗೆ ಗ್ಲೌಸ್ ಎಡಗೈಗೆ. ಕ್ರಿಕೆಟ್ ಕೀಪರ್ ಥರ ಎರಡೂ ಕೈಗೆ ಅಲ್ಲ. ಇದು ಅಂಗಡಿಯವರಿಗೇ ತಪ್ಪುತ್ತೆ, ಪೆಟ್ಟಿಗೆ ಮೇಲೆ ಬರೆದದ್ದು ನಂಬದೆ ಹಾಕಿಸಿ ನೋಡಿ. ಗ್ಲೌಸಿನ ಅಳತೆ ಇಂಚಲ್ಲಿ ಅದರ ಮೇಲೇ ಒತ್ತಿರ್ತಾರೆ. 13 ವರ್ಷಕ್ಕೆ ಬೇಸ್‌ಬಾಲ್‌ಗೆ 11.5ರಿಂದ 12 ಸರಿ. ಸಾಫ್ಟ್‌ಬಾಲ್‌ದು 12ರಿಂದ 13 ಇರುತ್ತೆ, ಜೇಬು ಆಳ. ಯಾಕಂದ್ರೆ ಸಾಫ್ಟ್‌ಬಾಲ್ ಚೆಂಡಿನ ಸುತ್ತಳತೆ 30 ಸೆಂ.ಮೀ. ಚಿಲ್ಲರೆ, ಬೇಸ್‌ಬಾಲ್‌ದು 23 ಸೆಂ.ಮೀ. ಆ ದೊಡ್ಡ ಜೇಬಲ್ಲಿ ಸಣ್ಣ ಚೆಂಡು ಒಳಗೆ ಹೋಗಿ ಕೂತ್ಕೊಳ್ಳುತ್ತೆ, ಎಸೆಯಕ್ಕೆ ತೆಗೆಯುವಾಗ ತಡಕಾಡಬೇಕು. ಆಡಕ್ಕೇ ಆಗಲ್ಲ ಅಂತೇನಿಲ್ಲ, ಫಸ್ಟ್ ಬೇಸ್‌ನಲ್ಲಿ ನಡೆಯುತ್ತೆ. ಬದಲಾಯಿಸಿ ಕೊಟ್ರೆ ಬದಲಾಯಿಸಿ.

ಗಟ್ಟಿ ಇರೋದು ಚಿಂತೆ ಇಲ್ಲ, ಹೊಸ ಚರ್ಮ ಹಾಗೇ. ಬಟಾಣಿ ಕಾಳಿನಷ್ಟು ವ್ಯಾಸಲೀನ್ ತಗೊಂಡು ಜೇಬು, ಕಿರುಬೆರಳ ಬುಡ, ಹೆಬ್ಬೆರಳ ಬುಡ, ಈ ಮೂರು ಕಡೆ ಮಾತ್ರ ಬಟ್ಟೆಯಲ್ಲಿ ತೆಳ್ಳಗೆ ಸವರಿ. ಒಂದು ರಾತ್ರಿ ಬಿಡಿ. ಮಾರನೇ ದಿನ ಗ್ಲೌಸ್ ಕೈಗೆ ಹಾಕಿಸಿ, ಇನ್ನೊಂದು ಕೈ ಮುಷ್ಟಿಯಲ್ಲಿ ಜೇಬಿಗೆ 100 ಸಲ ಗುದ್ದಿಸಿ. ರಾತ್ರಿ ಜೇಬಲ್ಲಿ ಚೆಂಡಿಟ್ಟು ಮಡಚಿ ಹಳೇ ಸೈಕಲ್ ಟ್ಯೂಬಿನ ಪಟ್ಟಿಯಲ್ಲಿ ಕಟ್ಟಿ. ನಾಲ್ಕು ದಿನಕ್ಕೆ ಬಾಯಿ ಬಿಡುತ್ತೆ. ಕೊಬ್ಬರಿ ಎಣ್ಣೆ ಸುರಿಯಬೇಡಿ, ಚರ್ಮ ಎಣ್ಣೆ ಕುಡಿದು ಭಾರ ಆಗುತ್ತೆ. ನೀರಲ್ಲಿ ನೆನೆಸೋದು, ಬಿಸಿಲಿಗೆ ಒಣಹಾಕೋದು, ಒಲೆ ಹತ್ರ ಇಡೋದು ಯಾವುದೂ ಬೇಡ, ಸೀಳು ಬಿಡುತ್ತೆ. ಆಟದಲ್ಲಿ ನೆಂದ್ರೆ ಒಳಗೆ ಪೇಪರ್ ತುರುಕಿ ನೆರಳಲ್ಲಿ ಗಾಳಿಗೆ ಇಡಿ, ಪ್ಲಾಸ್ಟಿಕ್ ಕವರಲ್ಲಿ ಕಟ್ಟಿಟ್ರೆ ನಮ್ಮ ಮಳೆಗಾಲಕ್ಕೆ ಮೂರೇ ದಿನಕ್ಕೆ ಬೂಷ್ಟು.

ಹಿಡಿಯುವಾಗ ಅಂಗೈಗೆ ಅಲ್ಲ, ಹೆಬ್ಬೆರಳಿಗೂ ತೋರುಬೆರಳಿಗೂ ಮಧ್ಯದ ಬಲೆಗೆ. ಸರಿಯಾಗಿ ಬಿದ್ರೆ "ಟಪ್" ಅಂತ ಚರ್ಮದ ಸದ್ದು ಬರುತ್ತೆ, ಅಂಗೈಗೆ ಬಿದ್ರೆ ಮಂಕಾದ ಸದ್ದು, ಕೈ ಚುರ್ ಅನ್ನುತ್ತೆ. ಸೊಂಟದ ಮೇಲೆ ಬಂದ್ರೆ ಬೆರಳು ಮೇಲಕ್ಕೆ, ಕೆಳಗೆ ಬಂದ್ರೆ ಬೆರಳು ಕೆಳಕ್ಕೆ. ನೆಲದ ಚೆಂಡಿಗೆ ಗ್ಲೌಸನ್ನ ಮೊದಲು ಮಣ್ಣಿಗೆ ತಾಗಿಸಿ ಆಮೇಲೆ ಮೇಲೆತ್ತಬೇಕು. ಮೇಲಿಂದ ಕೆಳಗಿಳಿಸಿದ್ರೆ ಕಾಲ ಸಂದಿಯಲ್ಲಿ ಹೋಗುತ್ತೆ. ಕೆಮ್ಮಣ್ಣಿನ ಮೈದಾನದಲ್ಲಿ ಸಣ್ಣ ಕಲ್ಲಿಗೆ ಬಡಿದು ಚೆಂಡು ಮುಖಕ್ಕೆ ಎದ್ದು ಬರೋದು ಜಾಸ್ತಿ, ಆಟಕ್ಕೆ ಮುಂಚೆ ಬೇಸ್ ಮಧ್ಯದ ಜಾಗದಲ್ಲಿ ಅಪ್ಪಂದಿರು ಸಾಲಾಗಿ ನಡೆದು ಕಲ್ಲು ಹೆಕ್ಕಿದ್ರೆ ದೊಡ್ಡ ಉಪಕಾರ.

ಉಳಿದ ಸಾಮಾನು: ಎರಡೂ ಕಿವಿ ಮುಚ್ಚುವ ಬ್ಯಾಟಿಂಗ್ ಹೆಲ್ಮೆಟ್ ಟೀಮಿಗೆ ನಾಲ್ಕಾದ್ರೂ ಬೇಕು, ಬ್ಯಾಟರ್‌ಗೆ ಒಂದು, ಬೇಸ್ ಮೇಲಿರೋರಿಗೆ ಮೂರು. ರಬ್ಬರ್ ಗುಬುಟಿನ ಶೂ ಸಾಕು, ಕಬ್ಬಿಣದ ಮೊಳೆ ಇರೋದು ಮಕ್ಕಳಿಗೆ ಬೇಡ. ಕ್ಯಾಚರ್‌ಗೆ ಮಾತ್ರ ಕ್ರಿಕೆಟ್ ಕೀಪಿಂಗ್ ಪ್ಯಾಡ್ ಕಟ್ಟಿ ಕೂರಿಸಬೇಡಿ. ಗಂಟಲು, ಎದೆ, ಪಾದದ ಮೇಲ್ಭಾಗ ಮೂರೂ ಬಯಲು. ಮುಖಗವಸು, ಗಂಟಲ ಪಟ್ಟಿ, ಎದೆಕವಚ, ಕಾಲಕವಚ ಎಲ್ಲಾ ಇದ್ರೆ ಮಾತ್ರ ಕ್ಯಾಚರ್ ಕೂರಬೇಕು.

---

ಸೀಗೆಗುಡ್ಡ (ಹಾಸನ)

ಎಲ್ಲರಿಗೂ ತುಂಬಾ ಧನ್ಯವಾದ. ಕಾಫಿಹೂ ಮೇಡಂ ಹೇಳಿದ ಹಾಗೆ ನೋಡಿದೆವು. ತೋಳು ಪೂರ್ತಿ ನೀಡುತ್ತೆ, ಊತ ಇಲ್ಲ. ಆದರೆ ಬಲಗೈ ಒಳಗಂಟು ಒತ್ತಿದರೆ ಕೈ ಎಳೆದುಕೊಳ್ಳುತ್ತಾಳೆ, ಎಡಗೈಯಲ್ಲಿ ಏನೂ ಇಲ್ಲ. ನಾಳೆ ಡಾಕ್ಟರಿಗೆ ತೋರಿಸುತ್ತೇವೆ. ಮೇಷ್ಟ್ರು ಒಪ್ಪಿ ಬೇರೆ ನಾಲ್ವರಿಗೆ ಗೋಡೆ ಚೌಕದ ಅಭ್ಯಾಸ ಶುರುಮಾಡಿಸಿದ್ದಾರೆ. ಮಗಳಿಗೆ ಬೇಜಾರಾಗಿದೆ. ಎಸೆಯದೆ ಬ್ಯಾಟಿಂಗ್ ಮಾತ್ರ ಮಾಡಬಹುದಾ? ಟೀಮಿನ ಜೊತೆ ಬಂದೇ ಬರುತ್ತಾಳೆ. ನಮಗೂ ಆಟ ಅರ್ಥವಾಗುವ ಹಾಗೆ ಯಾರಾದರೂ ಹೇಳಿ.

---

ಕಾಫಿಹೂ (ಫಿಸಿಯೋಥೆರಪಿ)

ಬ್ಯಾಟಿಂಗ್ ಬಗ್ಗೆ ಡಾಕ್ಟರ್ ನೋಡಿದ ಮೇಲೇ ತೀರ್ಮಾನ. ಬೀಸುವಾಗ ನೋವಿದ್ದರೆ ಅದೂ ಬೇಡ. ಒಂದು ಎಚ್ಚರಿಕೆ: ಬ್ಯಾಟಿಂಗ್‌ಗೆ ಇದ್ದವಳನ್ನು "ಒಂದೇ ಒಂದು ಇನ್ನಿಂಗ್ಸ್ ಫೀಲ್ಡಿಂಗ್‌ಗೆ ನಿಲ್ಲು" ಅನ್ನುತ್ತಾರೆ, ಚೆಂಡು ಬಂದರೆ ಮಕ್ಕಳು ಯೋಚನೆ ಮಾಡದೆ ಎಸೆದುಬಿಡುತ್ತಾರೆ. ಎಣಿಕೆ ಪುಸ್ತಕವನ್ನು ಅವಳ ಕೈಗೇ ಕೊಡಿ. ಟೀಮಿನ ಬೆಂಚಿನಲ್ಲಿ ಮೇಷ್ಟ್ರ ಪಕ್ಕ ಕೂತು ಬರೆಯಲಿ. ಪಿಚರ್ ಆಗಿ ಅವಳಿಗೆ ಎದುರು ಬ್ಯಾಟರ್ ಯಾವ ಚೆಂಡಿಗೆ ಬೀಸಿದ ಅನ್ನೋದೂ ಕಾಣುತ್ತೆ, ನಿಮಗೆ ಕಾಣಲ್ಲ. ವಾಸಿಯಾಗಿ ವಾಪಸ್ ಬಂದಾಗ ಅದು ಕೆಲಸಕ್ಕೆ ಬರುತ್ತೆ.

---

ಸ್ಕೋರ್ ಪುಸ್ತಕ (ಚಿಕ್ಕಮಗಳೂರು)

ಕ್ರಿಕೆಟ್ ಕಣ್ಣಿಗೆ ಬೇಸ್‌ಬಾಲ್ ಅರ್ಥವಾಗದೆ ಇರೋದಕ್ಕೆ ಮುಖ್ಯ ಕಾರಣ ಫೌಲ್. ಹೋಂ ಪ್ಲೇಟ್‌ನಿಂದ ಫಸ್ಟ್ ಬೇಸ್ ಕಡೆಗೊಂದು, ಥರ್ಡ್ ಬೇಸ್ ಕಡೆಗೊಂದು ಸುಣ್ಣದ ಗೆರೆ ಹೋಗಿರುತ್ತೆ. ಆ ಎರಡರ ನಡುವೆ ಬಿದ್ದರೆ ಮಾತ್ರ ಹೊಡೆತ, ಅದಕ್ಕೆ ಫೇರ್ ಅನ್ನುತ್ತಾರೆ, ಹೊರಗೆ ಹೋದರೆ ಫೌಲ್. ನಮಗೆ ಇಷ್ಟವಾದ ಲೆಗ್ ಗ್ಲಾನ್ಸು, ಲೇಟ್ ಕಟ್ಟು ಎಲ್ಲಾ ಇಲ್ಲಿ ಫೌಲ್. ಮೊದಲ ಎರಡು ಫೌಲ್ ಸ್ಟ್ರೈಕ್ ಲೆಕ್ಕಕ್ಕೆ ಸೇರುತ್ತವೆ. ಎರಡು ಸ್ಟ್ರೈಕ್ ಆದ ಮೇಲೆ ಎಷ್ಟು ಫೌಲ್ ಹೊಡೆದರೂ ಔಟ್ ಇಲ್ಲ, ಬಂಟ್ (ಬೀಸದೆ ಬ್ಯಾಟ್ ಅಡ್ಡ ಹಿಡಿದು ತಾಗಿಸುವುದು) ಮಾಡಲು ಹೋಗಿ ಫೌಲ್ ಆದರೆ ಮಾತ್ರ ಔಟ್. ಆದರೆ ಫೌಲ್ ಚೆಂಡನ್ನು ನೆಲಕ್ಕೆ ಬೀಳುವ ಮುಂಚೆ ಹಿಡಿದರೆ ಔಟೇ.

ಮೂರು ಸ್ಟ್ರೈಕ್‌ಗೆ ಔಟ್, ನಾಲ್ಕು ಬಾಲ್‌ಗೆ ಬ್ಯಾಟರ್ ಸುಮ್ಮನೆ ಫಸ್ಟ್ ಬೇಸ್‌ಗೆ ನಡೆದು ಹೋಗುತ್ತಾನೆ, ಮೂರು ಔಟ್‌ಗೆ ಟೀಮು ಬದಲು. ಇಷ್ಟು ಗೊತ್ತಿದ್ದರೆ ಆಟ ಹಿಂಬಾಲಿಸಬಹುದು.

ಕ್ರಿಕೆಟ್ ಆಡಿ ಬಂದ ಮಕ್ಕಳು ಔಟಾಗುವುದು ಹಳೇ ಅಭ್ಯಾಸದಿಂದ. ಫೇರ್ ಹೊಡೆತ ಬಿದ್ದರೆ ಓಡಲೇಬೇಕು, "ಬೇಡ, ನಿಲ್ಲು" ಅನ್ನುವ ಆಯ್ಕೆ ಇಲ್ಲ. ಬ್ಯಾಟ್ ಹಿಡಿದುಕೊಂಡೇ ಓಡುತ್ತಾರೆ, ಬಿಟ್ಟು ಓಡಬೇಕು, ಬೀಸಿ ಒಗೆಯಬಾರದು. ಫಸ್ಟ್ ಬೇಸ್ ದಾಟಿ ನೇರ ಓಡಿಹೋಗಬಹುದು, ಸೆಕೆಂಡ್ ಮತ್ತು ಥರ್ಡ್‌ನಲ್ಲಿ ಬೇಸ್ ಬಿಟ್ಟು ಒಂದು ಹೆಜ್ಜೆ ಮುಂದೆ ಹೋದರೂ ಚೆಂಡು ತಾಗಿಸಿ ಔಟ್ ಮಾಡುತ್ತಾರೆ. ಎತ್ತರದ ಕ್ಯಾಚ್ ಹಿಡಿದಾಗ ಓಡುತ್ತಿದ್ದವರು ತಮ್ಮ ಹಳೇ ಬೇಸ್ ಮುಟ್ಟಿಯೇ ಮತ್ತೆ ಓಡಬೇಕು. ಹೊಸ ಟೀಮುಗಳು ಇದೊಂದರಲ್ಲೇ ಎರಡೆರಡು ಔಟ್ ಕೊಡುತ್ತವೆ.

ಎಲ್ಲಾ ಔಟ್‌ಗೂ ಓಡುವವರಿಗೆ ಚೆಂಡು ತಾಗಿಸಬೇಕಾಗಿಲ್ಲ. ಹಿಂದಿನಿಂದ ಬ್ಯಾಟರ್ ಓಡಿ ಬರುತ್ತಿದ್ದು, ಮುಂದಿನವರು ಬೇಸ್ ಬಿಟ್ಟುಕೊಡಲೇಬೇಕಾದ ಸ್ಥಿತಿ ಇದ್ದರೆ, ಚೆಂಡು ಹಿಡಿದು ಬೇಸ್ ತುಳಿದರೆ ಸಾಕು. ರನೌಟ್‌ಗೆ ಹತ್ತಿರದ ವಿಷಯ. ಮೂರನೇ ಸ್ಟ್ರೈಕ್ ಚೆಂಡನ್ನು ಕ್ಯಾಚರ್ ಕೈಬಿಟ್ಟರೆ, ಫಸ್ಟ್ ಬೇಸ್ ಖಾಲಿ ಇದ್ದಾಗ ಅಥವಾ ಎರಡು ಔಟ್ ಆಗಿದ್ದಾಗ ಬ್ಯಾಟರ್ ಓಡಬಹುದು. ಔಟಾದವ ಯಾಕೆ ಓಡುತ್ತಿದ್ದಾನೆ ಅಂತ ಗಾಬರಿಯಾಗಬೇಡಿ.

ಪುಸ್ತಕದಲ್ಲಿ ಆಟಗಾರರ ಹೆಸರಿನ ಬದಲು ಜಾಗದ ಸಂಖ್ಯೆ ಬರೆಯುತ್ತಾರೆ: ಪಿಚರ್ 1, ಕ್ಯಾಚರ್ 2, ಫಸ್ಟ್ ಬೇಸ್ 3, ಸೆಕೆಂಡ್ 4, ಥರ್ಡ್ 5, ಶಾರ್ಟ್‌ಸ್ಟಾಪ್ 6, ಎಡ, ಮಧ್ಯ, ಬಲ ಹೊರಮೈದಾನ 7, 8, 9. ಶಾರ್ಟ್‌ಸ್ಟಾಪ್ ಹಿಡಿದು ಫಸ್ಟ್‌ಗೆ ಎಸೆದು ಔಟಾದರೆ 6–3.

ಕೂಗುವುದರ ಬಗ್ಗೆ ಒಂದು ಮಾತು. ಓಡುವ ಮಗುವಿಗೆ ಸನ್ನೆ ಮಾಡಲು ಫಸ್ಟ್ ಮತ್ತು ಥರ್ಡ್ ಬೇಸ್ ಪಕ್ಕದಲ್ಲಿ ಒಬ್ಬೊಬ್ಬ ಕೋಚ್ ನಿಂತಿರುತ್ತಾರೆ. ಚೆಂಡು ಬೆನ್ನ ಹಿಂದೆ ಇರುವುದರಿಂದ ಮಗು ಅವರನ್ನೇ ನಂಬಿ ಓಡುತ್ತೆ. ಹೊರಗಿನಿಂದ ನಾವು "ಓಡು ಓಡು" ಅಂದರೆ ಅಲ್ಲಿ "ನಿಲ್ಲು" ಅಂದದ್ದು ಕೇಳಿಸಲ್ಲ. ಬ್ಯಾಟರ್‌ಗೆ "ಹೊಡಿ" ಅಂದರೆ ಹೊರಗೆ ಹೋಗುವ ಚೆಂಡಿಗೂ ಬೀಸುತ್ತಾರೆ, ಸುಮ್ಮನೆ ಸಿಗುತ್ತಿದ್ದ ಫಸ್ಟ್ ಬೇಸ್ ಹೋಯಿತು. ಹೆಸರು ಹಿಡಿದು ಚಪ್ಪಾಳೆ ಹೊಡೆಯಿರಿ, ಆಟ ನಿಂತಾಗ.

ಕೂರುವ ಜಾಗ: ಬಲೆ ಇಲ್ಲದಿದ್ದರೆ ಕ್ಯಾಚರ್ ಹಿಂದೆ ಯಾರೂ ಬೇಡ. ಫಸ್ಟ್, ಥರ್ಡ್ ಗೆರೆ ಪಕ್ಕದಲ್ಲಿ ಚಾಪೆ ಹಾಸಿ ಕೂರುವುದು ಎಲ್ಲಕ್ಕಿಂತ ಅಪಾಯ, ಫೌಲ್ ಚೆಂಡು ನೇರ ಅಲ್ಲಿಗೇ ಬರುತ್ತೆ. ಗೆರೆಯಿಂದ ಆದಷ್ಟು ದೂರ, ಹೊರಮೈದಾನದ ಕಡೆಗೆ ಸರಿದು ಕೂರಿ. ಪುಟ್ಟ ಮಕ್ಕಳನ್ನು ಮಡಿಲಲ್ಲೇ ಇಟ್ಟುಕೊಳ್ಳಿ, ಮೊಬೈಲ್ ಬೇಡ.

ಎರಡು ತುರ್ತು ಸಂಗತಿ, ಮೇಷ್ಟ್ರಿಗೂ ತಿಳಿಸಿ. ಚೆಂಡು ಎದೆಗೆ ಬಡಿದು ಮಗು ಕುಸಿದು ಮಾತಾಡದಿದ್ದರೆ ಅದು ಬರೀ ಉಸಿರು ಕಟ್ಟಿದ್ದು ಅಂತ ಕಾಯಬೇಡಿ. ಪೆಟ್ಟು ಬಿದ್ದ ಗಳಿಗೆ ಸರಿಯಾಗಿ ತಾಳೆಯಾದರೆ ಹೃದಯದ ಬಡಿತವೇ ಹದ ತಪ್ಪುತ್ತೆ, ಎದೆಗೂಡು ಮೆತ್ತಗಿರುವ ಮಕ್ಕಳಲ್ಲೇ ಇದು ಹೆಚ್ಚು. ಒಬ್ಬರು 108ಕ್ಕೆ ಫೋನ್ ಮಾಡಿ, ಇನ್ನೊಬ್ಬರು ತಕ್ಷಣ ಎದೆ ಮಧ್ಯದಲ್ಲಿ ಒತ್ತಲು ಶುರುಮಾಡಬೇಕು, 5 ಸೆಂ.ಮೀ. ಆಳ, ನಿಮಿಷಕ್ಕೆ 100ರಿಂದ 120. ತಲೆಗೆ ಬಡಿದರೆ ಎದ್ದು ನಗುತ್ತಿದ್ದರೂ ಆ ದಿನ ಮತ್ತೆ ಆಟಕ್ಕೆ ಇಳಿಸಬಾರದು. ವಾಂತಿ, ಹೆಚ್ಚುವ ತಲೆನೋವು, ತೂಕಡಿಕೆ ಕಂಡರೆ ಆಸ್ಪತ್ರೆ.

ನಮ್ಮೂರ ಮಳೆ ನಿಮಗೆ ಹೇಳಬೇಕಾಗಿಲ್ಲ. ಸೋನೆಯಲ್ಲಿ ಆಟ ನಡೆಸುತ್ತಾರೆ, ಆದರೆ ನೆಂದ ಚೆಂಡು ಜಾರುತ್ತೆ, ಜಾರದ ಹಾಗೆ ಪಿಚರ್ ಬಿಗಿಯಾಗಿ ಹಿಡಿಯುತ್ತಾನೆ, ಮುಂದೋಳು ಬೇಗ ಸೋಲುತ್ತೆ. ಮೂರು ಒಣ ಚೆಂಡು ಟವಲ್‌ನಲ್ಲಿ ಸುತ್ತಿ ಅಂಪೈರ್ ಹತ್ತಿರ ಕೊಟ್ಟಿಡಿ, ಇನ್ನಿಂಗ್ಸ್‌ಗೊಂದು ಬದಲಾಯಿಸಲಿ. ನೆಂದ ದಿನ ಎಣಿಕೆಯ ಮಿತಿಯನ್ನು ಹತ್ತು ಇಳಿಸಿ. ಗುಡುಗು ಕೇಳಿದರೆ ಮಾತ್ರ ಆಟ ನಿಲ್ಲಲೇಬೇಕು. ಮರದ ಕೆಳಗಲ್ಲ, ಕಟ್ಟಡದೊಳಗೆ ಅಥವಾ ಬಸ್ಸಿನೊಳಗೆ ಹೋಗಿ. ಕೊನೆಯ ಗುಡುಗು ಕೇಳಿ 30 ನಿಮಿಷ ಆದ ಮೇಲೆ ವಾಪಸ್.

ಮಗಳ ಪುಸ್ತಕಕ್ಕೆ ಪೆನ್ನು ಬೇಡ, ಪೆನ್ಸಿಲ್ಲೇ ಕೊಡಿ. ತೇವದ ಹಾಳೆ ಮೇಲೆ ಪೆನ್ನು ಹಿಡಿಯಲ್ಲ. ಪ್ರತಿ ಪಿಚರ್‌ಗೆ ಒಂದೊಂದು ಪುಟ, ಮೇಲೆ ಹೆಸರು, ತಾರೀಕು, 20 ಮತ್ತು 35ರ ಹತ್ತಿರ ಮುಂಚೆಯೇ ಕೆಂಪು ಗೆರೆ. ಆ ಗೆರೆಗೆ ಎರಡು ಎಸೆತ ಬಾಕಿ ಇದ್ದಾಗಲೇ ಮೇಷ್ಟ್ರಿಗೆ ಹೇಳಲಿ. ಬದಲಿ ಪಿಚರ್ ಬಿಸಿಯಾಗಲು ಅವರಿಗೂ ಹೊತ್ತು ಬೇಕಲ್ಲ.